‘ಸ್ವಲ್ಪ ಪವರ್ ಜಾಸ್ತಿ ಮಾಡಿಕೊಡ್ತೀರಾ?’

ಮಾಡಿಕೊಡುತ್ತೇನೆ. ಆದರೆ ನಿಮಗೆ ಬೇಕಾಗಿರುವುದು ಅದಲ್ಲ.

ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಚೈನ್‌ಸಾ ಹಿಡಿದುಕೊಂಡು ಬಂದರೆ ಇದನ್ನು ಓದಲು ಕೊಟ್ಟು ನನ್ನ ಪಾಡಿಗೆ ನಾನಿರಬಹುದು.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಗೆ ನನಗೆ ಸಿಟ್ಟು. ‘ಸುಮ್ನೆ ಸೈಲೆನ್ಸರ್‌ಗೆ ಎರಡು ತೂತು ಹೊಡೆದುಬಿಡಿ.’ ‘ಸುಮ್ನೆ ಆ ಸ್ಕ್ರೂ ಒಂಚೂರು ತಿರುಗಿಸಿದ್ರೆ ಆಯ್ತಲ್ವಾ?’ ಯಾವ ಸ್ಕ್ರೂ? ಗೊತ್ತಿಲ್ಲ. ಯಾವ ಕಡೆಗೆ? ಅದೂ ಗೊತ್ತಿಲ್ಲ. ವಿಡಿಯೋದಲ್ಲಿ ನೋಡಿದ್ದಾರೆ. ವಿಡಿಯೋದಲ್ಲಿ ಎಲ್ಲ ಮೆಷಿನ್ನೂ ಬಾಳೆದಿಂಡು ಕೊಯ್ದ ಹಾಗೆ ಮರ ಕೊಯ್ಯುತ್ತವೆ. ಎರಡು ತಿಂಗಳಾದ ಮೇಲೆ ಅದೇ ಮೆಷಿನ್ ಗತಿ ಏನಾಯಿತು ಅಂತ ಯಾರೂ ವಿಡಿಯೋ ಹಾಕುವುದಿಲ್ಲ.

ತೂತು ಹೊಡೆದರೆ ಪವರ್ ಬರುವುದು ನಿಜ. ಕಂಪನಿಯವರು ಸದ್ದು ಮತ್ತು ಹೊಗೆಯ ಕಾನೂನಿಗೆ ತಕ್ಕ ಹಾಗೆ ಸೈಲೆನ್ಸರ್ ಬಾಯನ್ನು ಚಿಕ್ಕದಾಗಿ ಇಟ್ಟಿರುತ್ತಾರೆ. ಅದನ್ನು ಹಿಗ್ಗಿಸಿದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಆದರೆ ಗಾಳಿ ಜಾಸ್ತಿ ಬಂದಷ್ಟು ಪೆಟ್ರೋಲ್ ತಾನಾಗಿ ಜಾಸ್ತಿ ಬರುವುದಿಲ್ಲ. ಪೂರ್ತಿ ರೇಸ್‌ನಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ನಿಗದಿ ಮಾಡುವ ಎಚ್ ಸ್ಕ್ರೂ ಕಾರ್ಬೊರೇಟರ್‌ನಲ್ಲಿದೆ, ಅದನ್ನು ಎಡಕ್ಕೆ ತಿರುಗಿಸಿ ನಾವೇ ಕೊಡಬೇಕು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ ಅಲ್ವಾ? 50:1 ಮಿಶ್ರಣ ಅಂದರೆ ಲೀಟರಿಗೆ 20 ಎಂಎಲ್ ಆಯಿಲ್. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ, ತಂಪೂ ಕಮ್ಮಿ. ತೂತು ಹೊಡೆದು ಸ್ಕ್ರೂ ಮುಟ್ಟದೆ ಬಿಟ್ಟವರ ಮೆಷಿನ್ ಮೊದಮೊದಲು ಭರ್ಜರಿಯಾಗಿ ಓಡುತ್ತದೆ. ಆಮೇಲೆ ಸೀಜ್, ಅಂದರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ನಿಂತೇಹೋಗುತ್ತದೆ.

ಇದನ್ನೆಲ್ಲ ಹೇಳಿದರೆ ‘ಇವರಿಗೆ ಮಾಡೋಕೆ ಬರಲ್ಲ, ಅದಕ್ಕೇ ಬೇಡ ಅಂತಾರೆ’ ಅನ್ನುತ್ತಾರೆ. ನನ್ನ ಸ್ವಂತ ಮೆಷಿನ್ ಬಿಚ್ಚಿ ನೋಡಿ. ಸೈಲೆನ್ಸರ್ ಹಿಗ್ಗಿಸಿದೆ, ಕಿಡಿ ತಡೆಯುವ ಜಾಲರಿ ಮಾತ್ರ ಹಾಗೇ ಬಿಟ್ಟಿದ್ದೇನೆ. ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ತೆಗೆದು ಕಂಪ್ರೆಶನ್ ಏರಿಸಿದ್ದೇನೆ. ತೆಗೆಯುವ ಮೊದಲು ಪ್ಲಗ್ ತೂತಿನಿಂದ ಮೆತ್ತನೆಯ ಸೋಲ್ಡರ್ ತಂತಿ ತೂರಿಸಿ, ಪಿಸ್ಟನ್ ಮೇಲೆ ಬಂದಾಗ ಎಷ್ಟು ಸಂದು ಉಳಿಯುತ್ತದೆ ಅಂತ ಅಳೆದಿದ್ದೇನೆ. ಗ್ಯಾಸ್ಕೆಟ್ ತೆಗೆದ ಮೇಲೆ ಆ ಸಂದು ಅರ್ಧ ಮಿಲಿಮೀಟರ್‌ಗಿಂತ ಕಮ್ಮಿಯಾಗುವುದಾದರೆ ನಾನು ಕೈ ಹಾಕುವುದಿಲ್ಲ. ಸಿಲಿಂಡರ್‌ನಿಂದ ಹೊಗೆ ಹೊರಹೋಗುವ ಕಿಂಡಿ, ಅಂದರೆ ಎಕ್ಸಾಸ್ಟ್ ಪೋರ್ಟನ್ನೂ ಅರ ಹಾಕಿ ಅಗಲ ಮಾಡಿದ್ದೇನೆ, ಪೋರ್ಟಿಂಗ್ ಅನ್ನುವುದು ಇದಕ್ಕೇ. ಅತಿಯಾಸೆಗೆ ಬಿದ್ದು ಇನ್ನಷ್ಟು ಅಗಲ ಮಾಡಿದರೆ ಪಿಸ್ಟನ್ ರಿಂಗ್ ಅದರೊಳಗೆ ಸಿಕ್ಕಿ ಮುರಿಯುತ್ತದೆ. ಹಾಗಾಗಿ ಬರುತ್ತದೆ ಸ್ವಾಮಿ, ಬರುತ್ತದೆ.

ಅಸಲಿಗೆ ಈ ಪ್ರಶ್ನೆ ಇಷ್ಟು ಹಬ್ಬಿದ್ದಕ್ಕೆ ನಾನೇ ಕಾರಣ. ಅದನ್ನೂ ಹೇಳಿಬಿಡುತ್ತೇನೆ.

ಪರಿಚಯದವರೊಬ್ಬರು 50 ಸಿಸಿ ಮೆಷಿನ್ ತಂದರು. ‘ಮೊದಲಿನ ಹಾಗೆ ಎಳೆಯಲ್ಲ, ಪೋರ್ಟಿಂಗ್ ಮಾಡಿಕೊಡಿ’ ಅಂದರು. ಬಿಟ್ಟು ಹೋಗಿ ಅಂದೆ. ಅವರು ಹೋದ ಮೇಲೆ ಸ್ಟಾರ್ಟ್ ಮಾಡಿ ದಿಮ್ಮಿಗೆ ಹಿಡಿದೆ. ಮೈಭಾರವನ್ನೆಲ್ಲ ಹಾಕಿ ಒತ್ತಬೇಕಾಯಿತು. ಚೈನ್ ಸುತ್ತುವ ಉದ್ದನೆ ಪಟ್ಟಿ, ಅಂದರೆ ಬಾರ್, ಒಂದು ಪಕ್ಕಕ್ಕೆ ವಾಲಿಕೊಂಡು ಹೋಯಿತು. ಶೂ ಮೇಲೆ ಬಿದ್ದದ್ದು ಜರಡಿ ಹಿಡಿದ ಹಿಟ್ಟಿನಂಥ ನುಣ್ಣನೆ ಪುಡಿ. ಹರಿತವಾದ ಚೈನ್ ಹಿಟ್ಟು ಬೀಸುವುದಿಲ್ಲ, ಚಕ್ಕೆ ಎತ್ತುತ್ತದೆ.

ಬಾರನ್ನು ವೈಸ್‌ಗೆ ಕಚ್ಚಿಸಿದೆ. ಒಂದು ಕಡೆಗೆ 18, ಇನ್ನೊಂದು ಕಡೆಗೆ 18, ಒಟ್ಟು 36 ಹಲ್ಲು. ಎಡಗಡೆಯವು ಕಲ್ಲಿಗೆ ತಾಗಿ ಮೂತಿ ಉರುಟಾಗಿದ್ದವು. ಎಲ್ಲಕ್ಕಿಂತ ಗಿಡ್ಡ ಹಲ್ಲು ಯಾವುದು ಅಂತ ಹುಡುಕಿ, ಉಳಿದ 35ನ್ನೂ ಅದರ ಅಳತೆಗೆ ಇಳಿಸಿದೆ. 4.8 ಮಿಲಿಮೀಟರ್ ಉರುಟು ಅರ, 30 ಡಿಗ್ರಿ ಓರೆ. ಆಮೇಲೆ ಪ್ರತಿ ಹಲ್ಲಿನ ಮುಂದಿರುವ ಗಿಡ್ಡ ಗೂಟಗಳನ್ನು ಚಪ್ಪಟೆ ಅರದಲ್ಲಿ ತಗ್ಗಿಸಿದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅಂತ ತೀರ್ಮಾನಿಸುವುದು ಆ ಗೂಟ. ಹಲ್ಲಿನ ತುದಿಗಿಂತ ಅದು 0.65 ಮಿಲಿಮೀಟರ್ ಕೆಳಗಿರಬೇಕು. ಚೈನ್ ಕೊಂಡಾಗಿನಿಂದ ಅವರು ಅದನ್ನು ಮುಟ್ಟೇ ಇರಲಿಲ್ಲ. ಹಲ್ಲು ಸವೆದು ಸವೆದು ಗೂಟದ ಮಟ್ಟಕ್ಕೇ ಬಂದಿತ್ತು. ಇನ್ನು ಕಚ್ಚುವುದೆಲ್ಲಿಂದ! ಕೊನೆಗೆ ಏರ್ ಫಿಲ್ಟರ್ ತೊಳೆದೆ, ಸೈಲೆನ್ಸರ್ ಜಾಲರಿಗೆ ಕಟ್ಟಿದ ಮಸಿಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಅಷ್ಟೇ. ಎಂಜಿನ್‌ನ ಒಂದು ಬೋಲ್ಟೂ ಬಿಚ್ಚಲಿಲ್ಲ.

ಸಂಜೆ ಬಂದು ದಿಮ್ಮಿಗೆ ಹಿಡಿದರು. ಒತ್ತುವ ಮೊದಲೇ ಬಾರ್ ಒಳಗೆ ಇಳಿಯಿತು. ಉದ್ದುದ್ದ ಚಕ್ಕೆ ಹಾರಿ ಪ್ಯಾಂಟಿಗೆಲ್ಲ ಅಂಟಿತು. ‘ಏನ್ ಸಾರ್ ಮಾಡಿದ್ರಿ ಇದಕ್ಕೆ?’ ಅಂದರು. ‘ಅಲ್ಲಲ್ಲಿ ಒಂಚೂರು ಅರ ಹಾಕಿದೆ’ ಅಂದೆ.

ಸುಳ್ಳು ಹೇಳಲಿಲ್ಲ, ಗಮನಿಸಿ. ಅವರು ಪೋರ್ಟಿಗೆ ಅರ ಹಾಕಿದ್ದಾರೆ ಅಂದುಕೊಂಡರು, ನಾನು ತಿದ್ದಲಿಲ್ಲ. ಅವರ ಮುಖದಲ್ಲಿ ಅಷ್ಟು ಖುಷಿ ಇತ್ತು. ಆಮೇಲೆ ಅವರು ಸಿಕ್ಕಸಿಕ್ಕವರಿಗೆಲ್ಲ ‘ಎಂಥಾ ಪೋರ್ಟಿಂಗ್ ಗೊತ್ತಾ’ ಅಂತ ಡಂಗುರ ಸಾರಿದರು. ಅವತ್ತಿನಿಂದ ನನಗೆ ಈ ಕಾಟ.

ನಾನು ಕಾಯುತ್ತಿರುವ ಪ್ರಶ್ನೆಯೇ ಬೇರೆ. ಸ್ಕ್ರೂಡ್ರೈವರ್ ಹಿಡಿದು, ಕಿವಿಗೆ ಮಫ್ ಹಾಕಿಕೊಂಡು, ಕತ್ತು ಓರೆ ಮಾಡಿ ನಿಂತಿರುತ್ತೇನಲ್ಲ, ಆಗ ಏನು ಕೇಳಿಸಿಕೊಳ್ಳುತ್ತೀರಿ ಅಂತ ಒಬ್ಬರಾದರೂ ಕೇಳಬಾರದೇ?

ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಮರಕ್ಕೆ ಮುಟ್ಟಿಸದೆ ಪೂರ್ತಿ ರೇಸ್ ಕೊಟ್ಟರೆ ಸದ್ದು ಸ್ವಲ್ಪ ಒಡಕಾಗಿರಬೇಕು. ಗಂಟಲಲ್ಲಿ ಕಫ ಕಟ್ಟಿದವರ ದನಿಯ ಹಾಗೆ, ಬರ್ರ್ ಬರ್ರ್ ಅಂತ. ಪೆಟ್ರೋಲ್ ಒಂದಿಷ್ಟು ಹೆಚ್ಚಾಗಿ ಪ್ರತಿ ಸುತ್ತಿಗೂ ಉರಿ ಹತ್ತದೆ ಒಂದೊಂದು ಸುತ್ತು ತಪ್ಪಿದಾಗ ಈ ಸದ್ದು ಬರುತ್ತದೆ. ಫೋರ್ ಸ್ಟ್ರೋಕ್ ಹೊಡೆಯುತ್ತಿದೆ ಅನ್ನುವುದು ಇದಕ್ಕೇ. ಈಗ ಮರಕ್ಕೆ ಹಿಡಿಯಿರಿ. ಭಾರ ಬಿದ್ದ ಕೂಡಲೇ ಗಂಟಲು ಸರಿಯಾಗಿ ದನಿ ನೆಟ್ಟಗಾಗುತ್ತದೆ. ಎತ್ತಿದರೆ ಮತ್ತೆ ಬರ್ರ್. ಆ ಒಡಕಿನಿಂದ ನೆಟ್ಟಗಿನ ದನಿಗೆ ದಾಟುವ ಜಾಗವನ್ನು ನಾನು ಹುಡುಕುತ್ತಿರುತ್ತೇನೆ. ಮಫ್ ಹಾಕಿಕೊಂಡರೂ ಅದು ಕೇಳಿಸುತ್ತದೆ. ಮಫ್ ಇಲ್ಲದೆ ಟ್ಯೂನ್ ಮಾಡುವವರಿಗೆ ಕೆಲವೇ ವರ್ಷ, ಆಮೇಲೆ ಏನೂ ಕೇಳಿಸುವುದಿಲ್ಲ.

ಮರದಲ್ಲೂ ಗಾಳಿಯಲ್ಲೂ ಒಂದೇ ಸಮನೆ ಕೀರಲು ದನಿಯಲ್ಲಿ ಕಿರುಚಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ನನ್ನ ಮೊದಲ ಮೆಷಿನ್ ಹಾಗೆ ಕಿರುಚುತ್ತಿತ್ತು. ಎಷ್ಟು ಚಂದ ಹಾಡುತ್ತಿದೆ ಅಂತ ನಾನು ಸ್ಕ್ರೂವನ್ನು ಬಲಕ್ಕೆ, ಇನ್ನೂ ಬಲಕ್ಕೆ ತಿರುಗಿಸುತ್ತಾ ಹೋದೆ. ಮೂರನೇ ಟ್ಯಾಂಕ್ ಮುಗಿಯುವ ಮೊದಲೇ ನಿಂತಿತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ, ಪಿಸ್ಟನ್ ಮೈತುಂಬ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು. ಕರಗಿದ ಅಲ್ಯೂಮಿನಿಯಂ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿತ್ತು. ಆ ಪಿಸ್ಟನ್ ಇವತ್ತಿಗೂ ನನ್ನ ಮೇಜಿನ ಮೇಲಿದೆ, ಪೆನ್ ಇಡುತ್ತೇನೆ.

(ಎಂ-ಟ್ರಾನಿಕ್, ಆಟೋಟ್ಯೂನ್ ಮೆಷಿನ್ ತಂದು ‘ಸ್ಕ್ರೂ ಎಲ್ಲಿದೆ’ ಅಂತ ಹುಡುಕುವವರೇ, ಅವುಗಳಲ್ಲಿ ಪೆಟ್ರೋಲ್ ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಎಲೆಕ್ಟ್ರಾನಿಕ್ಸ್. ದಯವಿಟ್ಟು ಸ್ಕ್ರೂಡ್ರೈವರ್ ಕೆಳಗಿಡಿ.)

ಮತ್ತೆ ಹಲ್ಲಿಗೇ ಬರುತ್ತೇನೆ, ಇದೊಂದು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಚೈನ್‌ಸಾ ಚರಿತ್ರೆಯ ದೊಡ್ಡ ಜಿಗಿತಗಳಲ್ಲಿ ಒಂದು ನಡೆದದ್ದು ಎಂಜಿನ್‌ನಲ್ಲಿ ಅಲ್ಲ. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಎಂಬಾತ, ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ಅಗಿಯುತ್ತಾ ಮರದೊಳಗೆ ನುಗ್ಗುವುದನ್ನು ಕಂಡ. ಆ ದವಡೆಯ ಮಾದರಿಯಲ್ಲೇ ಚೈನ್ ಹಲ್ಲು ಮಾಡಿದ. ಅಲ್ಲಿಯವರೆಗೆ ಚೈನ್‌ಗೆ ಇದ್ದದ್ದು ಕೈಗರಗಸದಂಥ, ಗೀರುವ ಹಲ್ಲು. ನಿಮ್ಮ ಮೆಷಿನ್‌ನಲ್ಲಿ ಇವತ್ತು ತಿರುಗುತ್ತಿರುವುದು ಆ ಹುಳದ ದವಡೆಯ ಮೊಮ್ಮಕ್ಕಳು.

ಪೋರ್ಟಿಂಗ್ ಸಾಹೇಬರು ಕೆಲವು ವಾರ ಬಿಟ್ಟು ಮುಖ ಊದಿಸಿಕೊಂಡು ಬಂದರು. ‘ನೀವು ಹಾಕಿದ್ದ ಪವರ್ ಇಳಿದುಹೋಗಿದೆ, ಎಂಥಾ ಕೆಲಸ ಸಾರ್ ಇದು?’ ಶೂ ನೋಡಿದೆ. ನುಣ್ಣನೆ ಹಿಟ್ಟು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಸ್ಟೂಲ್ ಎಳೆದು ಕೂರಿಸಿ, ಅವರ ಕೈಗೇ ಅರ ಕೊಟ್ಟೆ. ಮೊದಲ ಹಲ್ಲಿಗೆ ಹಿಂದಕ್ಕೂ ಮುಂದಕ್ಕೂ ಉಜ್ಜತೊಡಗಿದರು. ಮುಂದಕ್ಕೆ ಮಾತ್ರ ತಳ್ಳಿ, ವಾಪಸ್ ಬರುವಾಗ ಎತ್ತಿ ಅಂದೆ. ಹತ್ತನೇ ಹಲ್ಲಿಗೆ ಕೈ ಕುದುರಿತು. ಮೂವತ್ತಾರೂ ಮುಗಿಸಿ ದಿಮ್ಮಿಗೆ ಹಿಡಿದರು. ಚಕ್ಕೆ ಹಾರಿತು. ಎಂಜಿನ್ ಆಫ್ ಮಾಡಿ, ಒಂದು ಚಕ್ಕೆಯನ್ನು ಎತ್ತಿಕೊಂಡು ಬೆರಳಲ್ಲಿ ಮುರಿದು ನೋಡಿದರು.

‘ಅಂದ್ರೆ ಅವತ್ತು ಪೋರ್ಟಿಂಗ್ ಮಾಡೇ ಇರಲಿಲ್ವಾ?’

ಇಲ್ಲ ಅಂದೆ.

‘ಸರಿ ಬಿಡಿ. ಹಾಗಾದ್ರೆ ಈಗ ಮಾಡಿಕೊಡಿ.’