ಕೃಷಕ್‌ನಿಂದ ಗುಬ್ಬಿಯ ಹೆಲಿಕಾಪ್ಟರ್‌ವರೆಗೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರವರಿ 6ರಂದು. ಅಲ್ಲಿನ ಲಘು ಹೆಲಿಕಾಪ್ಟರ್ ಎಲ್‌ಯುಎಚ್ ಬರೀ ಜನ, ಸಾಮಾನು ಸಾಗಿಸೋದಕ್ಕೆ ಅಂದುಕೊಂಡವರಿದ್ದಾರೆ. ಅದರ ಇನ್ನೊಂದು ಕೆಲಸ ರಣರಂಗದ ವೀಕ್ಷಣೆ. ಸೇನೆಯಲ್ಲಿ ಅದಕ್ಕೆ ಹಳೇ ಹೆಸರು ಏರ್ ಓಪಿ, ಅಂದರೆ ಏರ್ ಅಬ್ಸರ್ವೇಶನ್ ಪೋಸ್ಟ್.

ಗುಡ್ಡದಾಚೆ ಬಿದ್ದ ಶೆಲ್ಲು ಫಿರಂಗಿಯವರಿಗೆ ಕಾಣದು. ಮೇಲಿನ ವೀಕ್ಷಕ ರೇಡಿಯೋದಲ್ಲಿ ತಿದ್ದಬೇಕು. ಮೊದಲನೆಯದು ಗುರಿಯ ಈಚೆ ಬಿತ್ತೋ, 400 ಮೀಟರ್ ಕೂಡಿಸು. ದಾಟಿತೋ, 200 ಕಳೆ. ಹೀಗೆ ಅರ್ಧರ್ಧ ಮಾಡುತ್ತ 50ಕ್ಕೆ ಇಳಿದ ಮೇಲೆ ಎಲ್ಲ ಫಿರಂಗಿಗಳೂ ಒಟ್ಟಿಗೆ ಹಾರಿಸುತ್ತವೆ. ಎಡವಟ್ಟಾಗುವುದು ದಿಕ್ಕಿನಲ್ಲಿ. ವಿಮಾನ ಫಿರಂಗಿ-ಗುರಿ ರೇಖೆಯಿಂದ ಪಕ್ಕಕ್ಕೆ ಸರಿದಿದ್ದರೆ ವೀಕ್ಷಕನ ಬಲಗಡೆ ಫಿರಂಗಿಯ ಬಲಗಡೆಯಾಗಿರುವುದಿಲ್ಲ. ಯಾವ ರೇಖೆ ಹಿಡಿದು ಹೇಳುತ್ತಿದ್ದೇನೆಂದು ಮೊದಲೇ ತಿಳಿಸದಿದ್ದರೆ, ತಿದ್ದಿದಷ್ಟೂ ಶೆಲ್ಲು ಬೇರೆಲ್ಲೋ ಬೀಳುತ್ತದೆ.

ಈ ಕೆಲಸಕ್ಕೆ ನಿಧಾನವಾಗಿ ಹಾರಬೇಕು, ಕೆಳಗಿನದು ಚೆನ್ನಾಗಿ ಕಾಣಬೇಕು. ಎಚ್‌ಎಎಲ್‌ನ ಕೃಷಕ್ ಅಂಥದ್ದು: ಪುಷ್ಪಕ್ ವಿಮಾನವನ್ನೇ ಹಿಗ್ಗಿಸಿ ಮೂರನೇ ಸೀಟು ಕೊಟ್ಟು, ರೆಕ್ಕೆಯನ್ನು ಅದರಂತೆಯೇ ತಲೆಯ ಮೇಲೆ ಉಳಿಸಿದ್ದು. 1959ರ ನವೆಂಬರಿನಲ್ಲಿ ಮೊದಲ ಹಾರಾಟ. ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಹೊರಟು, ಬೇಡಿಕೆಯಿಲ್ಲದೆ ನಿಂತು, ಆಮೇಲೆ ಸೇನೆಯ ಹಳೇ ವೀಕ್ಷಣಾ ವಿಮಾನಗಳಾದ ಆಸ್ಟರ್‌ಗಳ ಜಾಗಕ್ಕೆ ಬಂತು. ತಯಾರಾದದ್ದು ಒಟ್ಟು 68.

ಅದರ ಕಾಂಟಿನೆಂಟಲ್ ಎಂಜಿನ್ 225 ಅಶ್ವಶಕ್ತಿಯದು, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇಲ್ಲ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇ. 57. ಘರ್ಷಣೆಯ ನಷ್ಟವೂ ಸೇರಿ ಅಂಥ ಎಂಜಿನ್ನಿನಲ್ಲಿ ಉಳಿಯುವುದು ಹೆಚ್ಚುಕಡಿಮೆ 115. ಹಿಮಾಲಯದಲ್ಲಿ ಅದು ಯಾವ ಮೂಲೆಗೆ?

ಎಪ್ಪತ್ತರ ದಶಕದಲ್ಲಿ ಬಂದ ಚೀತಾ ಹೆಲಿಕಾಪ್ಟರ್ ಇದಕ್ಕೆ ಜಾಣ ಉತ್ತರ. ಫ್ರೆಂಚ್ ಹೆಲಿಕಾಪ್ಟರ್ ಆಲೂಯೆಟ್-2ರ ಹಗುರ ಒಡಲಿಗೆ ಆಲೂಯೆಟ್-3ರ ಎಂಜಿನ್, ರೋಟರ್ (ತಲೆಯ ಮೇಲೆ ತಿರುಗುವ ರೆಕ್ಕೆ). 870 ಅಶ್ವಶಕ್ತಿಯ ಆರ್ಟೂಸ್ಟ್ ಟರ್ಬೈನನ್ನು 550ಕ್ಕೆ ಮಿತಿಗೊಳಿಸಿದ್ದಾರೆ. ಮೇಲೇರಿದಂತೆ ಕರಗುವುದು ಮೊದಲು ಆ ಮೀಸಲು. ಇದೇ ಮಾದರಿಯ ಲಾಮಾ 1972ರಲ್ಲಿ 12,442 ಮೀಟರ್ ಏರಿತ್ತು.

ವೀಕ್ಷಣೆಯಲ್ಲಿ ಮೀಸಲು ಇನ್ನೂ ಹೆಚ್ಚು ಬೇಕು. ನೆಲದ ಹತ್ತಿರ ಗಾಳಿಯಲ್ಲೇ ತೂಗಿ ನಿಂತರೆ ರೋಟರಿನ ಗಾಳಿಗೆ ನೆಲ ಅಡ್ಡ ಸಿಕ್ಕಿ ಶಕ್ತಿ ಕಡಿಮೆ ಸಾಕು. ದಿಬ್ಬದ ಮರೆಯಿಂದ ತಲೆ ಎತ್ತಿ ನೋಡುವಾಗ, ರೋಟರಿನ ವ್ಯಾಸದಷ್ಟು ಮೇಲೆ ಹೋದರೆ, ಆ ನೆರವು ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಹೆಲಿಪ್ಯಾಡಿನಿಂದ ಸಲೀಸಾಗಿ ಎದ್ದದ್ದು ಅಲ್ಲಿ ಕುಸಿಯತೊಡಗುತ್ತದೆ. ಆಗ ಇಂಧನವನ್ನೋ ಸರಂಜಾಮನ್ನೋ ಇಳಿಸಿಯೇ ಹೊರಡಬೇಕು.

ಎಲ್‌ಯುಎಚ್ 2016ರ ಸೆಪ್ಟೆಂಬರ್ 6ರಂದು ಮೊದಲು ಹಾರಿತು. ಬಿಸಿಲಿಗೆ ನಾಗಪುರ, ಚಳಿಗೆ ಲೇಹ್, ಎತ್ತರಕ್ಕೆ ಲಡಾಖ್‌ನ ದೌಲತ್ ಬೇಗ್ ಓಲ್ಡಿ ಎಂದು ಪರೀಕ್ಷೆಗೆ ಅಲೆಸಿದ್ದು ಸುಮ್ಮನಲ್ಲ. ಗುಬ್ಬಿಯ ಎತ್ತರದಲ್ಲಿ ಎಷ್ಟು ಹೊತ್ತು ತೂಗಿಸಿದರೂ ಸಿಯಾಚಿನ್ನಿನ ಲೆಕ್ಕ ಸಿಗದು. ಎಚ್‌ಎಎಲ್‌ನ ಇನ್ನೊಂದು ಹೆಲಿಕಾಪ್ಟರ್ ಧ್ರುವಕ್ಕೆ ‘ಶಕ್ತಿ’ ಹೆಸರಿನ ಎಂಜಿನ್ ಎರಡು, ಇದಕ್ಕೆ ಒಂದೇ. ತೂಕ ಉಳಿಯಿತು, ಸರಿ. ಆದರೆ ದಿಬ್ಬದ ಹಿಂದೆ ತಗ್ಗಿನಲ್ಲಿ ತೂಗಿ ನಿಂತಾಗ ಎಂಜಿನ್ ಕೈಕೊಟ್ಟರೆ, ಕೆಳಗಿಂದ ನುಗ್ಗುವ ಗಾಳಿಯಿಂದಲೇ ರೋಟರ್ ತಿರುಗಿಸಿಕೊಂಡು ಇಳಿಯುವಷ್ಟು ಎತ್ತರವೂ ವೇಗವೂ ಪೈಲಟ್ಟಿನ ಬಳಿ ಇರುವುದಿಲ್ಲ.