ಡಬ್ಬದ ತೂಕ

ಪಶುಸಂಗೋಪನೆ ಡಿಪ್ಲೊಮಾ ಓದುವ ಮಕ್ಕಳು ತರಬೇತಿಗೆಂದು ನಮ್ಮ ಆಸ್ಪತ್ರೆಗೆ ಬಂದಾಗ ಮೊದಲು ಕೇಳುವುದು, ‘ಮೇಡಂ, ಇಂಜೆಕ್ಷನ್ ಕೊಡಲು ಯಾವಾಗ ಬಿಡುತ್ತೀರಿ?’ ಎಂದು. ಅವರ ಆತುರ ತಪ್ಪಲ್ಲ. ಹಳ್ಳಿಯಲ್ಲಿ ಸಿರಿಂಜ್ ಹಿಡಿದವರೆಲ್ಲ ಡಾಕ್ಟರೇ. ಪಶುವೈದ್ಯಕೀಯ ಪರೀಕ್ಷಕಿ ಎಂಬ ನನ್ನ ಹುದ್ದೆಯ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿಲ್ಲ. ನಾನು ಮಾತ್ರ ಅವರ ಕೈಗೆ ಮೊದಲು ಕೊಡುವುದು ದರ್ಜಿಯ ಟೇಪನ್ನು ಮತ್ತು ಕೊಕ್ಕೆಯ ತಕ್ಕಡಿಯನ್ನು. ಮೇವು, ನೀರು, ತೂಕ, ಗಿಣ್ಣು ಇವನ್ನು ನೋಡಲು ಕಲಿಯದವರು ಆಮೇಲೆ ಎಷ್ಟು ಔಷಧಿ ಕಲಿತರೂ ಕೊಟ್ಟಿಗೆಯಲ್ಲಿ ಕುರುಡರೇ ಎಂಬುದು ನನ್ನ ಹಟ.

ಈ ವರ್ಷ ಬಂದ ಹುಡುಗ, ಹುಡುಗಿ ಇಬ್ಬರನ್ನೂ ಕರೆದುಕೊಂಡು ತಿಪಟೂರು ಕಡೆಯ ಒಂದು ಊರಿಗೆ ಹೋಗಿದ್ದೆ. ಡೇರಿಗೆ ಹಾಲು ಹಾಕುವ ಹೊತ್ತು. ಊರ ಬಾಗಿಲಲ್ಲೇ ಒಬ್ಬರು ತಡೆದು, ಬೆಳಗಿನ ಜಾವ ಹಸು ಕರು ಹಾಕಿದೆ, ಕರುವಿನ ಹಿಂದೆ ಬೀಳಬೇಕಾದ ಮಾಸು ಇನ್ನೂ ಬಿದ್ದಿಲ್ಲ, ನೋಡಿ ಬನ್ನಿ ಎಂದರು. ಹೋಗಿ ನೋಡಿದರೆ ಹಸು ಚೆನ್ನಾಗಿಯೇ ಇತ್ತು. ಮಾಸು ಬೀಳಲು ಎಂಟು ಹತ್ತು ಗಂಟೆ ಹಿಡಿಯುವುದುಂಟು. ಹನ್ನೆರಡು ಗಂಟೆಯವರೆಗೂ ಗಾಬರಿ ಬೇಡ. ಆದರೆ ಕರು ಮೂಲೆಯಲ್ಲಿ ಹೊಟ್ಟೆ ಅಂಟಿಸಿಕೊಂಡು ನಿಂತಿತ್ತು. ಅದಕ್ಕೆ ಗಿಣ್ಣು ಕುಡಿಸಿರಲಿಲ್ಲ.

‘ಮಾಸು ಬೀಳುವ ಮೊದಲು ಕೆಚ್ಚಲಿಗೆ ಬಿಡಬಾರದು ಕಣಮ್ಮ, ಹಸುವಿಗೆ ಆಗಿಬರುವುದಿಲ್ಲ’ ಎಂದರು ಮನೆಯ ಅಜ್ಜಿ.

ಈ ನಂಬಿಕೆಯೊಂದರ ಮೇಲೆ ನನಗೆ ಬಹಳ ಸಿಟ್ಟಿದೆ. ನಡೆಯಬೇಕಾದ್ದು ಸರಿಯಾಗಿ ತಿರುಗುಮುರುಗು. ಕರು ಮೊಲೆ ಚೀಪಿದಾಗ ಹಸುವಿನ ದೇಹದಲ್ಲಿ ಹಾಲಿಳಿಸುವ ಹಾರ್ಮೋನು ಹೊರಡುತ್ತದೆ; ಅದೇ ಗರ್ಭಕೋಶವನ್ನೂ ಹಿಂಡಿ ಮಾಸು ಬೀಳಲು ನೆರವಾಗುತ್ತದೆ. ಇತ್ತ, ಕರು ಹುಟ್ಟುವಾಗ ರೋಗ ತಡೆಯುವ ಶಕ್ತಿಯನ್ನು ರಕ್ತದಲ್ಲಿ ಹೊತ್ತು ಬರುವುದಿಲ್ಲ, ಗಿಣ್ಣಿನಿಂದಲೇ ಪಡೆಯಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಬಂದು ಒಂದು ದಿನದೊಳಗೆ ಪೂರ್ತಿ ಮುಚ್ಚಿಹೋಗುತ್ತದೆ. ಇಷ್ಟನ್ನೆಲ್ಲ ಅಜ್ಜಿಗೆ ಭಾಷಣ ಮಾಡಲಿಲ್ಲ. ‘ಕರು ಚೀಪಿದರೆ ಮಾಸು ಬೇಗ ಬೀಳುತ್ತದೆ ಅಜ್ಜಿ, ನನ್ನ ಮಾತು ನಂಬಿ’ ಎಂದೆ, ಅಷ್ಟೆ. ಹುಡುಗಿ ಕೆಚ್ಚಲು ತೊಳೆದು ಕರುವನ್ನು ಹಿಡಿದಳು. ಸುಮಾರು ಇಪ್ಪತ್ತೆಂಟು ಕೆಜಿಯ ಕರು. ತೂಕದ ಹತ್ತನೇ ಒಂದು ಭಾಗ ಎಂದರೆ ಮೂರು ಲೀಟರಿನ ಹತ್ತಿರ ಗಿಣ್ಣು ಹೊಟ್ಟೆಗೆ ಹೋಗಬೇಕು. ಅಕ್ಕಪಕ್ಕದ ಮನೆಗೆ ಹಂಚುವ ಗಿಣ್ಣಿನ ಪಾಲು ಅದಾದ ಮೇಲೆ.

ಅಲ್ಲಿಂದ ಹೊರಟು ಕಾಲುಬಾಯಿ ಲಸಿಕೆ ತಪ್ಪಿಸಿಕೊಂಡಿದ್ದ ಕೆಲವು ಕಡಸುಗಳಿಗೆ ಲಸಿಕೆ ಹಾಕಿ, ಕಿವಿಯೋಲೆಯ ಹನ್ನೆರಡು ಅಂಕಿಗಳನ್ನು ಮೊಬೈಲಿನಲ್ಲಿ ತುಂಬಿಸಿದೆವು. ಹುಡುಗನಿಗೆ ಸಿರಿಂಜ್ ಸಿಕ್ಕಿತು, ಮುಖ ಅರಳಿತು.

ನಾವು ನಿಜಕ್ಕೂ ಬಂದಿದ್ದು ಊರ ಕೊನೆಯ ಮನೆಗೆ. ಅವರ ಸೀಮೆಹಸು ಗಬ್ಬ ನಿಲ್ಲುತ್ತಿರಲಿಲ್ಲ. ಮೂರು ಬಾರಿ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಆಗಿತ್ತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಲೆಕ್ಕವನ್ನು ಮನೆಯವರು ತಪ್ಪಿಸಿರಲಿಲ್ಲ. ನಮ್ಮ ವೈದ್ಯಾಧಿಕಾರಿಗಳು ಗರ್ಭಕೋಶ ಪರೀಕ್ಷಿಸಿ ಸೋಂಕಿಲ್ಲ ಎಂದಿದ್ದರು. ಲೋಳೆ ತಿಳಿಯಾಗಿತ್ತು, ಬೆದೆ ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಮರಳುತ್ತಿತ್ತು.

‘ಹಸುವನ್ನು ಮುಟ್ಟುವ ಮೊದಲು ಹಿಂದೆ ನಿಂತು ನೋಡಿ’ ಎಂದೆ. ಬಾಲದ ಬುಡದ ಎರಡೂ ಬದಿ ಗುಳಿ ಬಿದ್ದಿತ್ತು. ಸೊಂಟದ ಮೂಳೆ ಚೂಪಾಗಿತ್ತು, ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಮೈಕಟ್ಟಿಗೆ ಕೊಡುವ ಒಂದರಿಂದ ಐದರವರೆಗಿನ ಅಂಕದಲ್ಲಿ ಹುಡುಗಿ ಎರಡು ಕೊಟ್ಟಳು. ನನಗೂ ಅಷ್ಟೇ ಅನಿಸಿತ್ತು. ಕರು ಹಾಕುವ ಹೊತ್ತಿಗೆ ಮೂರು, ಮೂರೂವರೆ ಇರಬೇಕಾದದ್ದು ಇದು.

ಟೇಪು ಹಿಡಿದೆವು. ಎದೆಯ ಸುತ್ತಳತೆ 70 ಅಂಗುಲ, ಭುಜದಿಂದ ಪೃಷ್ಠದ ಮೂಳೆಯವರೆಗೆ 56. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಸುಮಾರು 415 ಕೆಜಿ. ಜಂತಿನ ಔಷಧಿಯ ಪ್ರಮಾಣಕ್ಕೂ ಮೇವಿನ ಲೆಕ್ಕಕ್ಕೂ ಇದೇ ಆಧಾರ. ಕಣ್ಣಂದಾಜಿನಲ್ಲಿ ಹುಡುಗ 350 ಎಂದಿದ್ದ.

‘ದಿನಕ್ಕೆ ತಿಂಡಿ ಎಷ್ಟು ಹಾಕುತ್ತೀರಿ?’

‘ಆರು ಕೆಜಿಗೆ ಮೋಸವಿಲ್ಲ ಮೇಡಂ’ ಎಂದರು ಯಜಮಾನರು. ಹನ್ನೆರಡು ಲೀಟರ್ ಕರೆಯುವ ಹಸು. ಮೈ ಉಳಿಸಿಕೊಳ್ಳಲು ಒಂದೂವರೆ ಕೆಜಿ, ಹಾಲಿಗೆ ಎರಡೂವರೆ ಲೀಟರಿಗೆ ಒಂದು ಕೆಜಿಯಂತೆ ಸೇರಿಸಿದರೆ ಆರು ಕೆಜಿ ದಾಟುತ್ತದೆ. ಬಾಯಿಮಾತಿನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಮ್ಮ ಕಡೆ ಉತ್ತರ ಹೇಳುವವರು ಒಬ್ಬರು, ಹಸುವಿಗೆ ಹಾಕುವವರು ಇನ್ನೊಬ್ಬರು. ಸಗಣಿ ಎತ್ತುತ್ತಿದ್ದ ಮನೆಯಾಕೆಯನ್ನು ಕೇಳಿದೆ, ‘ಅಕ್ಕ, ಐವತ್ತು ಕೆಜಿಯಷ್ಟು ಬೂಸಾ, ಫೀಡು ಎಷ್ಟು ದಿನ ಬರುತ್ತದೆ?’

‘ಎರಡು ವಾರ ದಾಟಿ ಮೂರ್ನಾಲ್ಕು ದಿನ ಬರುತ್ತದೆ.’

ಹುಡುಗ ಬೆರಳೆಣಿಸಿ ನನ್ನ ಮುಖ ನೋಡಿದ. ಆಕೆ ಅಳತೆಯ ಡಬ್ಬ ತಂದು ತೋರಿಸಿದರು. ಎರಡು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಡಬ್ಬ, ಬೆಳಿಗ್ಗೆ ಒಂದೂವರೆ, ಸಂಜೆ ಒಂದೂವರೆ. ಎರಡು ಲೀಟರ್ ಎಂದರೆ ಎರಡು ಕೆಜಿ ಎಂದು ಯಜಮಾನರು ಯಾವತ್ತೋ ತೀರ್ಮಾನಿಸಿದ್ದರು. ಬೂಸಾ ನೀರಲ್ಲವಲ್ಲ! ಕೊಕ್ಕೆಗೆ ಸಿಕ್ಕಿಸಿದರೆ ತುಂಬಿದ ಡಬ್ಬದ ತಿಂಡಿ 900 ಗ್ರಾಂ. ದಿನಕ್ಕೆ ಮೂರು ಕೆಜಿಯೂ ಇಲ್ಲ. ಮಿಕ್ಕಿದ್ದನ್ನು ಹಸು ತನ್ನ ಮೈಯಿಂದಲೇ ಕರಗಿಸಿ ಡೇರಿಗೆ ಹಾಕುತ್ತಿತ್ತು. ಅಂಥ ಮೈ ಇನ್ನೊಂದು ಕರುವನ್ನು ಒಪ್ಪಿಕೊಳ್ಳದಿದ್ದರೆ ಅದನ್ನು ರೋಗ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮೇಲಾಗಿ ನೀರಿನ ಬಾನಿ ತುಂಬುತ್ತಿದ್ದದ್ದು ಎರಡೇ ಹೊತ್ತು, ಅದೂ ಅರ್ಧ ಕಲಗಚ್ಚು.

‘ಏಳು ಡಬ್ಬ ಆಗಬೇಕು ಮೇಡಂ’ ಎಂದಳು ಹುಡುಗಿ. ಸರಿಯೇ, ಆದರೆ ನಾಳೆಯೇ ಅಲ್ಲ. ಒಮ್ಮೆಲೇ ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಹಸು ಮೇವು ಬಿಡುತ್ತದೆ. ಎರಡು ಮೂರು ದಿನಕ್ಕೆ ಅರ್ಧ ಡಬ್ಬದಂತೆ ಏರಿಸಬೇಕು, ಜೊತೆಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಾಕಬೇಕು. ಮುಂದಿನ ಬೆದೆ ಬಿಟ್ಟುಬಿಡಿ, ಅದರಾಚೆಯದಕ್ಕೆ ಹೇಳಿ ಕಳುಹಿಸಿ ಎಂದೆ.

‘ಒಂದು ಇಂಜೆಕ್ಷನ್ನಾದರೂ ಕೊಟ್ಟು ಹೋಗಿ’ ಎಂದರು ಯಜಮಾನರು. ಅಳೆದ ತೂಕಕ್ಕೆ ತಕ್ಕಂತೆ ಜಂತಿನ ಔಷಧಿ ಕುಡಿಸಿದ ಮೇಲೆ, ಚೀಲದಿಂದ ಏನೋ ಒಂದು ಹೊರಬಂತಲ್ಲ ಎಂದು ಕೊಂಚ ಸಮಾಧಾನಗೊಂಡರು.

ಮನೆಯಾಕೆಗೆ ಅದು ಬೇಕಿರಲಿಲ್ಲ. ‘ಏಳು ಡಬ್ಬ ಹಾಕಿದರೆ ಅದೇ ಐವತ್ತು ಕೆಜಿ ಎಂಟೇ ದಿನಕ್ಕೆ ಖಾಲಿ. ಡೇರಿಯವರು ಕೊಡುವ ಬಟವಾಡೆಯಲ್ಲಿ ಉಳಿಯುವುದೇನು?’ ಎಂದರು. ನಾವು ಪರೀಕ್ಷಕರು ಕೇಳಿಸಿಕೊಳ್ಳದೆ ಹೊರಟುಬಿಡುವ ಪ್ರಶ್ನೆ ಇದು. ಗೋದಲಿಯಲ್ಲಿ ಇದ್ದದ್ದು ರಾಗಿಹುಲ್ಲು ಮತ್ತು ಬಲಿತ ನೇಪಿಯರ್ ಕಡ್ಡಿ. ದ್ವಿದಳದ ಹಸಿರುಮೇವು ಒಳ್ಳೆಯದಿದ್ದರೆ ಹತ್ತು ಕೆಜಿಗೆ ಸುಮಾರು ಒಂದು ಕೆಜಿ ತಿಂಡಿ ಉಳಿಸಬಹುದು. ತೋಟದ ಬದುವಿಗೆ ಹೋಗಿ ನಿಂತೆವು. ತೆಂಗಿನ ನೆರಳು ತಪ್ಪುವ ಕಡೆ ಅಲಸಂದೆ, ಬದುವಿನುದ್ದಕ್ಕೆ ಚೊಗಚೆ ಎಂದು ನಾನು, ಆ ಬದು ಮೈದುನನ ಪಾಲಿನದು ಎಂದು ಯಜಮಾನರು. ‘ಸೊಪ್ಪಿನಲ್ಲಿ ಅರ್ಧ ಅವರ ಎಮ್ಮೆಗೆ ಕೊಟ್ಟರಾಯಿತು, ನಾನೇ ಕೇಳುತ್ತೇನೆ’ ಎಂದು ಆಕೆ ಆಗಲೇ ಬೀಜ ಎಲ್ಲಿ ಸಿಗುತ್ತದೆಂದು ಹುಡುಗಿಯನ್ನು ವಿಚಾರಿಸತೊಡಗಿದ್ದರು.