ಸುರಂಗದ ನೀರು ತೋರಿಸಲು ಹೋದ ದಿನ

ಕಾಸರಗೋಡಿಗೆ ಬಂದವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿದರೆ ನಮ್ಮ ತರಗತಿಯಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವುದು ಬೇಕಲ ಕೋಟೆ. ಆಮೇಲೆ ಅನಂತಪುರದ ಸರೋವರ ದೇವಸ್ಥಾನ, ಮಧೂರು, ರಾಣಿಪುರಂ ಬೆಟ್ಟ. ಸಮುದಾಯ ಕಾಲೇಜಿನಲ್ಲಿ ಪ್ರವಾಸೋದ್ಯಮದ ಡಿಪ್ಲೊಮಾ ಓದುತ್ತಿರುವ ನಾವೆಲ್ಲ ಈ ಊರುಗಳ ಆಸುಪಾಸಿನವರೇ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರದಿಂದ ಬಸ್ಸು ಹಿಡಿದು ಬರುವವರು. ಬೆಳಿಗ್ಗೆ ವಿಮಾನ ನಿಲ್ದಾಣಗಳ ಸಂಕೇತಾಕ್ಷರ ಬಾಯಿಪಾಠ ಮಾಡುತ್ತೇವೆ: ಮಂಗಳೂರಿಗೆ ಐಎಕ್ಸ್‌ಇ, ಕಣ್ಣೂರಿಗೆ ಸಿಎನ್‌ಎನ್, ತಿರುವನಂತಪುರಕ್ಕೆ ಟಿಆರ್‌ವಿ. ಮಧ್ಯಾಹ್ನ ಟಿಕೆಟ್ ಕಾಯ್ದಿರಿಸುವುದು, ವೀಸಾ ಅರ್ಜಿ ತುಂಬುವುದು, ಪ್ರವಾಸದ ಖರ್ಚಿನ ಪಟ್ಟಿ ಹಾಕುವುದು. ಇವೆಲ್ಲ ಕಲಿಯಲೇಬೇಕಾದ ಕೆಲಸಗಳು, ಮುಂದೆ ಅನ್ನ ಕೊಡುವಂಥವು. ಆದರೆ ನನಗೆ ಈ ಓದು ಮೈಗೆ ಹತ್ತಿದ್ದು ಪ್ರಾಯೋಗಿಕ ಪರೀಕ್ಷೆಗಾಗಿ ಒಂದು ದಿನದ ಪ್ರವಾಸವನ್ನು ನಾನೇ ಹೊಂದಿಸಿ, ನಿಜವಾದ ಅತಿಥಿಗಳನ್ನು ಕರೆದುಕೊಂಡು ಹೋದಾಗ.

ನನ್ನ ಅತಿಥಿಗಳು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಿವೃತ್ತ ಶಿಕ್ಷಕರು. ಚಿಕ್ಕಮ್ಮನನ್ನು ಕೊಟ್ಟದ್ದು ಆ ಕಡೆಗೆ. ಅವರ ಮೂಲಕ ಪರಿಚಯವಾಗಿ ಬಂದವರು. ಬೆಳಿಗ್ಗೆ ಬೇಕಲ, ಮಧ್ಯಾಹ್ನ ಪೆರ್ಲದ ಕಡೆಯ ನಮ್ಮ ಮಾವನ ತೋಟದ ಸುರಂಗ ಎಂದು ಕಾರ್ಯಕ್ರಮ ಬರೆದುಕೊಟ್ಟೆ. ಸುರಂಗ ಎಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಬಾವಿ. ಟೀಚರ್ ಓದಿ, "ಸುರಂಗದಲ್ಲಿ ನೋಡುವುದಕ್ಕೆ ಏನಿದೆ?" ಎಂದು ಕೇಳಿದರು. ಅದು ತಿರಸ್ಕಾರದ ಮಾತಲ್ಲ, ಪರೀಕ್ಷಕರು ಕೇಳಬೇಕಾದದ್ದೇ. ಅದರ ಬೆನ್ನಿಗೇ ಇನ್ನಷ್ಟು ಪ್ರಶ್ನೆಗಳು ಬಂದವು. ವಾಹನ ಎಲ್ಲಿಯವರೆಗೆ ಹೋಗುತ್ತದೆ? ಮೊಣಕಾಲು ನೋವಿನವರು ಇಳಿಜಾರಿನಲ್ಲಿ ಹೇಗೆ ಇಳಿಯುತ್ತಾರೆ? ಶೌಚಾಲಯ ಯಾವ ಮನೆಯಲ್ಲಿ? ಮನೆಯವರಿಗೆ ಸಲ್ಲಬೇಕಾದ ಹಣ ಖರ್ಚಿನ ಪಟ್ಟಿಯ ಯಾವ ಸಾಲಿನಲ್ಲಿದೆ? ನಾವು ಅಭ್ಯಾಸ ಮಾಡಿದ ಪಟ್ಟಿಯಲ್ಲಿ ವಾಹನ, ಪ್ರವೇಶ ಶುಲ್ಕ, ಊಟ, ಮಾರ್ಗದರ್ಶಿಯ ಸಂಭಾವನೆ ಎಂಬ ಸಾಲುಗಳಿದ್ದವು. ಮನೆಯವರು ಎಂಬ ಸಾಲು ಇರಲಿಲ್ಲ. ಅದನ್ನು ಸೇರಿಸಿಯೇ ಟೀಚರ್ ಸಹಿ ಹಾಕಿದರು.

ಬೇಕಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಲ್ಲವರು ಬಹಳ. ಆದರೆ ಸಾಗರದವರಿಗೆ ಆ ಕೋಟೆ ಪರವೂರಿನದಲ್ಲ. ಅದನ್ನು ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, ಹದಿನೇಳನೆಯ ಶತಮಾನದ ನಡುವಿನಲ್ಲಿ. ಕೆಳದಿ, ಇಕ್ಕೇರಿ ಎರಡೂ ಅವರ ತಾಲ್ಲೂಕಿನಲ್ಲೇ ಇವೆ. 1763ರಲ್ಲಿ ಕೆಳದಿ ರಾಜ್ಯ ಹೈದರಾಲಿಯ ಕೈಸೇರಿದ್ದು, 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಬ್ರಿಟಿಷರಿಗೆ ಹೋದದ್ದು, ದಕ್ಷಿಣ ಕನ್ನಡದೊಳಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು, ಇಷ್ಟನ್ನು ವೀಕ್ಷಣಾ ಗೋಪುರದ ನೆರಳಿನಲ್ಲಿ ನಿಂತು ಹೇಳಿದೆ. "ನಮ್ಮ ಮಕ್ಕಳಿಗೆ ಇಷ್ಟು ವರ್ಷ ಶಿವಪ್ಪ ನಾಯಕನ ಕಂದಾಯದ ಶಿಸ್ತು ಪಾಠ ಮಾಡಿದೆವು, ಅವನು ಕಟ್ಟಿಸಿದ್ದನ್ನು ನೋಡಲು ಬರಲೇ ಇಲ್ಲ ನೋಡಮ್ಮ," ಎಂದರು ಹಿರಿಯ ಮೇಷ್ಟ್ರೊಬ್ಬರು.

ಊಟ ಮುಗಿಸಿ ಪೆರ್ಲದ ದಾರಿ ಹಿಡಿದಾಗ ಬಿಸಿಲು ಏರಿತ್ತು. ಮಾರ್ಚ್ ತಿಂಗಳು. ಗುಡ್ಡದ ಮೇಲಿನ ಮುಳಿಹುಲ್ಲು ಒಣಗಿ ಬಣ್ಣಗೆಟ್ಟಿತ್ತು. ನಾನು ಈ ತಿಂಗಳನ್ನೇ ಆರಿಸಿದ್ದೆ. ಮಳೆಗಾಲದಲ್ಲಿ ಇಲ್ಲಿ ಎಲ್ಲಿ ನೋಡಿದರೂ ನೀರು. ಆ ಮಳೆಯೆಲ್ಲ ಇಳಿಜಾರಿನಲ್ಲಿ ಹರಿದು ಬೇಗನೆ ಸಮುದ್ರ ಸೇರುತ್ತದೆ. ಮುರಕಲ್ಲಿನ ಗುಡ್ಡದೊಳಗೆ ಇಂಗಿದ್ದು ಮಾತ್ರ ಬೇಸಿಗೆಗೆ ಉಳಿಯುವುದು. ಅದನ್ನು ಮೇಲಿನಿಂದ ಬಾವಿ ತೋಡಿ ಎತ್ತುವ ಬದಲು ಗುಡ್ಡದ ಪಕ್ಕೆಯಿಂದ ಅಡ್ಡಲಾಗಿ ಕೊರೆದು ಹೊರಗೆ ಹರಿಸಿಕೊಂಡ ಜನ ನಮ್ಮವರು. ಬಾಯಾರು, ಶೇಣಿ, ಎಣ್ಮಕಜೆಯ ಕಡೆ ಸುರಂಗಗಳನ್ನು ಹುಡುಕಬೇಕಾಗಿಲ್ಲ, ಒಂದೊಂದು ಮನೆಗೆ ಎರಡು ಮೂರೂ ಇರುತ್ತವೆ.

ಮಾವ ಅಂಗಳದ ತುದಿಯಲ್ಲೇ ನಿಂತಿದ್ದರು. "ಬನ್ನಿ, ಮೊದಲು ಆಸರಿಗೆ ಕುಡಿಯಿರಿ," ಎಂದು ಬೆಲ್ಲ ನೀರು ತರಿಸಿದರು. ಅದು ಸುರಂಗದ್ದೇ ನೀರು. ಅತಿಥಿಗಳು ಕುಡಿದು, ಫ್ರಿಜ್ಜಿನದೇ ಎಂದು ಕೇಳಿದರು. ಸುರಂಗ ತೋಡುವ ಕೆಲಸದಲ್ಲೇ ಜೀವ ಸವೆಸಿದ ಊರಿನ ಅಜ್ಜರೊಬ್ಬರನ್ನೂ ಬರಹೇಳಿದ್ದೆ. ಅವರು ಆಡುವುದು ತುಳು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

ಸುರಂಗದ ಬಾಯಿ ಆಳೆತ್ತರ. ಅಗಲ ಒಬ್ಬರು ಭುಜ ತಗಲಿಸದೆ ಹೋಗುವಷ್ಟೇ. ಇಬ್ಬರಿಬ್ಬರನ್ನೇ ಬಿಟ್ಟೆವು, ಚಪ್ಪಲಿ ಹೊರಗೆ. ಅದು ಮನೆಯ ಕುಡಿಯುವ ನೀರು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹೊರಗಿನ ಸೆಕೆ ಹಿಂದೆ ಉಳಿಯುತ್ತದೆ. ಪಾದದ ಅಡಿಯಲ್ಲಿ ಬೆರಳು ಮುಳುಗುವಷ್ಟು ನೀರು ತಣ್ಣಗೆ ಹೊರಗಡೆಗೆ ಹರಿಯುತ್ತಿರುತ್ತದೆ. ಟಾರ್ಚು ಹಿಡಿದರೆ ಗೋಡೆಯ ತುಂಬ ಪಿಕ್ಕಾಸಿನ ಏಟಿನ ಗುರುತುಗಳು, ಎಲ್ಲವೂ ಒಂದೇ ಓರೆಯಲ್ಲಿ. ತೋಡಿದವರ ಬಲಗೈ ಯಾವ ಎತ್ತರದಿಂದ ಬೀಸುತ್ತಿತ್ತು ಎಂದು ಅದರಲ್ಲೇ ತಿಳಿಯುತ್ತದೆ. ಒಳಗೆ ಹೋದಂತೆ ನೆಲ ಕಾಣದಷ್ಟು ಸಣ್ಣಗೆ ಏರುತ್ತದೆ. ನೀರು ತಾನಾಗಿ ಹೊರಬರುವುದು ಆ ಏರಿಕೆಯಿಂದ. ಮೋಟಾರು ಬೇಡ, ಕರೆಂಟು ಬೇಡ. ಬಾಯಿಯ ಬಳಿ ಮಣ್ಣಿನ ಸಣ್ಣ ಕಟ್ಟ, ಅಲ್ಲಿಂದ ಕೆರೆಗೆ ಹಿಂದೆ ಅಡಿಕೆಮರದ ದಂಬೆ, ಈಗ ಪಿವಿಸಿ ಪೈಪು.

ಅಜ್ಜ ಅಳತೆ ಹೇಳಿದ್ದು ಕೋಲಿನ ಲೆಕ್ಕದಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ, ಕೂಲಿಯೂ ಕೋಲಿಗೆ ಇಷ್ಟೆಂದು. ಒಬ್ಬರು ಕಡಿಯುವುದು, ಇನ್ನೊಬ್ಬರು ಬುಟ್ಟಿಯಲ್ಲಿ ಮಣ್ಣು ಹೊರಗೆ ತರುವುದು. ಒಳಗೆ ಮೊಂಬತ್ತಿ ಹಚ್ಚಿಟ್ಟು ಕೆಲಸ. ಅದು ಮಂಕಾದರೆ ಗಾಳಿ ಸಾಲದೆಂದು ಅರ್ಥ, ತಡಮಾಡದೆ ಹೊರಗೆ ಬರಬೇಕು. ಎಲ್ಲಿ ತೋಡಬೇಕೆಂದು ಹೇಗೆ ಗೊತ್ತಾಗುತ್ತದೆ ಎಂದು ಒಬ್ಬರು ಕೇಳಿದರು. ಕಡು ಬೇಸಿಗೆಯಲ್ಲೂ ಗುಡ್ಡದಲ್ಲಿ ಯಾವ ಜಾಗದ ಗಿಡಮರ ಹಸಿರಾಗಿ ನಿಂತಿದೆ ಎಂದು ನೋಡಿಕೊಳ್ಳುತ್ತೇವೆ ಎಂದರು ಅಜ್ಜ. ನೀರು ಸಿಗದೆ ಹೋದರೆ? "ಸಿಗದೆಯೂ ಹೋಗಿದೆ. ತೋಡಿಸಿದವರು ಬೈಯಲಿಲ್ಲ. ಮುಂದಿನ ವರ್ಷ ಪಕ್ಕದಲ್ಲೇ ಇನ್ನೊಂದು ತೋಡಿಸಿದರು."

ಈ ಮಾತಿನ ಮೇಲೆ ಮೇಷ್ಟ್ರುಗಳ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಒಬ್ಬರು ಬೀದರಿನ ಕಾರೇಜನ್ನು ನೆನಪಿಸಿದರು. ಬಹಮನಿ ಸುಲ್ತಾನರ ಕಾಲದ ನೆಲದಡಿಯ ನೀರಿನ ಕಾಲುವೆ ಅದು, ಅದರ ಬಳಗದ ಇರಾನಿನ ಕನಾತ್‌ಗಳು 2016ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅವು ಹೆಚ್ಚಾಗಿ ಊರಿಗೆಲ್ಲ ನೀರು ಕೊಡಲು ಆದವು. ನಮ್ಮದು ಒಂದೊಂದು ಸಂಸಾರ ತನ್ನ ಅಡಿಕೆ ತೋಟಕ್ಕೂ ಅಡುಗೆಮನೆಗೂ ಬೇಕೆಂದು ಕೂಲಿ ಕೊಟ್ಟು, ಕೆಲವರು ತಾವೇ ಪಿಕ್ಕಾಸು ಹಿಡಿದು, ಮಾಡಿಕೊಂಡದ್ದು. ಕೊಳವೆಬಾವಿ ಬಂದ ಮೇಲೆ ಹೊಸದಾಗಿ ತೋಡಿಸುವವರು ಕಡಿಮೆ. ಕೈಕೆಲಸ ಬಲ್ಲವರಿಗೆ ವಯಸ್ಸಾಗಿದೆ. ಅವರ ಮಾತು ಕೇಳಲು ದೂರದಿಂದ ಜನ ಬರುತ್ತಾರೆ ಎಂದಾದರೆ ಮನೆಯ ಮಕ್ಕಳೂ ಕಿವಿಗೊಡುತ್ತಾರೆ ಎಂದು ನಾನು ನಂಬುತ್ತೇನೆ. ಅಂದು ಮಾವನ ಮಗ ಕಾಲೇಜಿಗೆ ರಜೆ ಹಾಕಿ ಅಜ್ಜನ ಪಕ್ಕದಲ್ಲೇ ನಿಂತಿದ್ದ.

ಹೊರಡುವಾಗ ಪಟ್ಟಿಯ ಹೊಸ ಸಾಲಿನ ಹಣವನ್ನು ಲಕೋಟೆಯಲ್ಲಿಟ್ಟು ಕೊಟ್ಟೆ. ಮಾವ ಕೈ ಹಿಂದೆ ಎಳೆದುಕೊಂಡರು. "ನೀರು ತೋರಿಸಿದ್ದಕ್ಕೆ ಹಣ ತೆಗೆದುಕೊಳ್ಳುವುದೇ? ನಾಲ್ಕು ಜನ ಕೇಳಿದರೆ ಏನೆಂದಾರು?" ಅಜ್ಜನಾದರೋ ಕೆಲಸದ ದಿನದ ಕೂಲಿಯೆಂದು ಸಂತೋಷದಿಂದ ತೆಗೆದುಕೊಂಡರು, ಅದು ಅವರ ಹಕ್ಕು. ಮಾವನ ಮಟ್ಟಿಗೆ ದಾರಿ ತೋರಿಸಿದ್ದು ಅತ್ತೆ. ಅಟ್ಟದಿಂದ ಹಲಸಿನ ಹಪ್ಪಳದ ಕಟ್ಟುಗಳನ್ನು ಇಳಿಸಿ ಜಗಲಿಯಲ್ಲಿಟ್ಟರು. ಸಾಗರದವರು ಒಂದನ್ನೂ ಬಿಡದೆ ಕೊಂಡರು, ಮುಂದಿನ ವರ್ಷಕ್ಕೂ ಹೇಳಿಟ್ಟರು.

ಕೇರಳದಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮ ಮೊದಲು ಆರಂಭವಾದ ನಾಲ್ಕು ಕಡೆಗಳು ಕುಮರಕಂ, ತೇಕ್ಕಡಿ, ಕೋವಳಂ, ವಯನಾಡು ಎಂದು ತರಗತಿಯಲ್ಲಿ ಬರೆದುಕೊಂಡಿದ್ದೇನೆ. ಊರವರ ಕೈಗೆ ಹಣ, ಊರವರ ಒಪ್ಪಿಗೆ, ನೆಲ ನೀರಿಗೆ ಕೇಡಾಗದಿರುವುದು ಅದರ ತಿರುಳು. ಗಡಿನಾಡಿನ ನಮ್ಮ ಗುಡ್ಡಗಳಿಗೂ ಅದೇ ಬರಬೇಕು, ಕನ್ನಡ, ತುಳು, ಮಲಯಾಳ ಮೂರನ್ನೂ ಆಡುವ ನಮ್ಮಂಥವರ ಮೂಲಕವೇ ಬರಬೇಕು. ಟೀಚರ್ ವರದಿಗೆ ಎರಡು ಷರತ್ತು ಸೇರಿಸಿದ್ದಾರೆ: ಒಂದು ತಂಡಕ್ಕೆ ಒಂದೇ ಮನೆ, ಒಂದು ಮನೆಗೆ ವಾರಕ್ಕೆ ಒಂದೇ ತಂಡ. ಬಾಯಾರಿನಲ್ಲಿ ಇನ್ನೆರಡು ಮನೆಯವರು ಒಪ್ಪಿದ್ದಾರೆ. ಒಂದರಲ್ಲಿ ಇಳಿಜಾರಿಗೆ ಮೆಟ್ಟಿಲು ಕಡಿಸಬೇಕು, ಅದಕ್ಕೆ ಅಜ್ಜನನ್ನೇ ಕರೆದಿದ್ದೇವೆ.